ಡ್ರಮ್ಮರ್ ಕುಡಿದಿದ್ದ

ಅಂದು ನಾನು ಕುಡಿದಿದ್ದೆ ಎಂಬುದು ಶಿಲ್ಲಾಂಗಿನಲ್ಲಿ ಎಲ್ಲರಿಗೂ ಗೊತ್ತು. ಚಹಾದಂಗಡಿಯಲ್ಲಿ ಕೇಳಿದರೂ ಹೇಳುತ್ತಾರೆ, ಚರ್ಚಿನ ಮೆಟ್ಟಿಲ ಮೇಲೆ ಕೇಳಿದರೂ ಹೇಳುತ್ತಾರೆ. ಅದನ್ನು ಹಬ್ಬಿಸಿದವನು ನಾನೇ, ಹಾಗಾಗಿ ಯಾರನ್ನೂ ಬೈಯುವಂತಿಲ್ಲ.

ನಮ್ಮ ಬ್ಯಾಂಡಿನ ಹೆಸರು ತುಂಗ್‌ತಾಪ್. ಒಣಮೀನು ಸುಟ್ಟು ಅರೆದ ಚಟ್ನಿ ಅದು. ಊಟಕ್ಕೆ ಕೂತವರಿಗಿಂತ ಮೊದಲು ಪಕ್ಕದ ಮನೆಯವರಿಗೆ ಗೊತ್ತಾಗುತ್ತದೆ. ಹಾಡುಗಾರ ಶಾನ್‌ಬೊರ್ ತನ್ನ ಅತ್ತೆಯ ಚೌಕಳಿ ಏಪ್ರನ್ ಕಟ್ಟಿಕೊಂಡು, ತಲೆಗೆ ಅಲ್ಯೂಮಿನಿಯಂ ಪಾತ್ರೆ ಕವುಚಿಕೊಂಡು ವೇದಿಕೆಗೆ ಬರುತ್ತಿದ್ದ. "ವಾಸನೆ ಬಂತಾ?" ಎಂದು ಕೂಗಿದರೆ ಜನ "ಬಂತು!" ಎಂದು ಛಾವಣಿ ಹಾರುವಂತೆ ಕೂಗುತ್ತಿದ್ದರು. ಬೇಸ್ ಗಿಟಾರ್ ನುಡಿಸುವ ಡೋನ್‌ಬೊಕ್ ಇಡೀ ಕಾರ್ಯಕ್ರಮದಲ್ಲಿ ಒಮ್ಮೆಯೂ ನಗುತ್ತಿರಲಿಲ್ಲ, ಅದೇ ಒಂದು ತಮಾಷೆ. ಡ್ರಮ್ಸ್ ನನ್ನದು. ತಮಾಷೆ ನನಗೆ ಬರುವುದಿಲ್ಲ, ತಾಳ ಬರುತ್ತದೆ. ಇವರಿಬ್ಬರ ಹುಚ್ಚಾಟಕ್ಕೆ ಒಂದು ಗೂಟ ಬೇಕಿತ್ತು, ಆ ಗೂಟ ನಾನು.

ತಾಳ ಕಲಿಸಿದವಳು ನನ್ನ ಅಕ್ಕ ಇಬಾನ್, ಊರಿಗೆಲ್ಲ ಕಾಂಗ್ ಇಬಾನ್, ಅಂದರೆ ಇಬಾನಕ್ಕ. ನನಗೆ ಏಳು ವರ್ಷವಿದ್ದಾಗ ಚರ್ಚಿನ ಗಾಯಕರ ಸಾಲಿನಲ್ಲಿ ನನ್ನ ಹಿಂದೆ ನಿಂತು ಚಪ್ಪಾಳೆ ತಟ್ಟುತ್ತಿದ್ದಳು. "ಕಾಲು ತಟ್ಟು, ಕಿತ್. ಕೈ ಮರೀಬಹುದು, ಕಾಲು ಮರೆಯಲ್ಲ" ಎನ್ನುತ್ತಿದ್ದಳು. ನಮ್ಮ ಒಂದು ಕಾರ್ಯಕ್ರಮವನ್ನೂ ಅವಳು ತಪ್ಪಿಸಿದ್ದಿಲ್ಲ. ವೇದಿಕೆಯ ಮುಂದೆಯೇ ನಿಲ್ಲುತ್ತಿದ್ದಳು. ನಾನು ಚೂರು ಅವಸರ ಮಾಡಿದರೂ ಅವಳ ಎರಡು ಕೈ ಜನರ ತಲೆಗಳ ಮೇಲೆ ಎದ್ದು ಸರಿಯಾದ ತಾಳ ತೋರಿಸುತ್ತಿದ್ದವು.

ಜನ ಕಾಯುತ್ತಿದ್ದುದು ಭೂಕಂಪದ ಹಾಡಿಗೆ. ನಮ್ಮದು ನಡುಗುವ ನೆಲ, ಅಜ್ಜ ಅಜ್ಜಿಯರೆಲ್ಲ ಮರದ ಮನೆ ಕಟ್ಟಿಕೊಂಡದ್ದೇ ಅದಕ್ಕೆ. ಹಾಡಿನ ನಡುವೆ ಶಾನ್‌ಬೊರ್ ಥಟ್ಟನೆ ನಿಲ್ಲಿಸಿ, ಪಾತ್ರೆ ತೆಗೆದು ಎದೆಗೊತ್ತಿಕೊಂಡು, "ಬಾಂಧವರೇ, ಇದು ತಮಾಷೆ ಅಲ್ಲ. ನೆಲ ಕುಸೀತಿದೆ. ದಯವಿಟ್ಟು ಹೊರಗೆ ಹೋಗಿ" ಎನ್ನುತ್ತಿದ್ದ. ಆಗ ಎಲ್ಲರೂ ಒಟ್ಟಿಗೆ ನೆಗೆಯಬೇಕು. ಎರಡು ವರ್ಷ ಆ ಮಾತನ್ನು ತಿದ್ದಿ ತೀಡಿದ್ದೆವು. ಕೊನೆಕೊನೆಗೆ ಅವನ ಕಣ್ಣಲ್ಲಿ ನೀರೂ ಬರುತ್ತಿತ್ತು.

ಆ ಶನಿವಾರದ ಕಾರ್ಯಕ್ರಮ ನಮ್ಮ ಕೇರಿಯ ಹಳೆಯ ಹಾಲ್‌ನಲ್ಲಿ. ಬಾಗಿಲು ರಸ್ತೆಯ ಮಟ್ಟಕ್ಕೆ, ವೇದಿಕೆಯಿರುವ ಹಿಂಬದಿ ಮಾತ್ರ ಕಣಿವೆಯ ಮೇಲೆ ಪೈನ್ ಮರದ ಕಂಬಗಳ ಆಸರೆಯಲ್ಲಿ. ಬೀಗದ ಕೈ ಕೊಟ್ಟವನು ನಾವೆಲ್ಲ ಬಾಹ್, ಅಂದರೆ ಅಣ್ಣ, ಎನ್ನುವ ಮುದುಕ ಫ್ರೈಡೇ. ಅವನು ಬಾಯಲ್ಲಿದ್ದ ಅಡಿಕೆಯನ್ನು ಒಂದು ಕೆನ್ನೆಗೆ ಸರಿಸಿ, "ನೂರು ಜನ. ಕುಣಿಯೋ ಹಾಗಿಲ್ಲ. ಮಳೆ ನಿಂತ ಮೇಲೆ ಹಿಂದಿನ ಕಂಬಗಳನ್ನ ಯಾರೂ ನೋಡಿಲ್ಲ" ಎಂದ.

"ನಮ್ಮ ಹಾಡು ಕೇಳಿ ಕುಣಿಯೋರಿಗಿಂತ ಓಡಿಹೋಗೋರೇ ಜಾಸ್ತಿ, ಬಾಹ್" ಎಂದ ಶಾನ್‌ಬೊರ್. ನಾವು ಮೂವರೂ ನಕ್ಕೆವು, ಡೋನ್‌ಬೊಕ್ ಕೂಡ. ಮುದುಕ ನಗಲಿಲ್ಲ.

ಮೂರು ಗಂಟೆಗೆ ಮುನ್ನೂರು ಜನ ಸೇರಿದ್ದರು. ನನ್ನ ಸ್ಟೂಲಿನ ಹಿಂದೆ ನೆಲಕ್ಕೂ ಗೋಡೆಗೂ ನಡುವೆ ಬೆರಳಗಲದ ಸಂದಿಯಿತ್ತು. ಕಣಿವೆಯ ಚಳಿಗಾಳಿ ಬೆನ್ನಿಗೆ ಬಡಿಯುತ್ತಿತ್ತೆಂದು ಪೇಪರ್ ಮಡಿಸಿ ತುರುಕಿದ್ದೆ. ಮೂರನೆಯ ಹಾಡಿಗೆ ಬೆನ್ನು ಮತ್ತೆ ತಣ್ಣಗಾಯಿತು. ತಿರುಗಿ ನೋಡಿದರೆ ಪೇಪರ್ ಇಲ್ಲ. ಯಾರೂ ತೆಗೆದಿರಲಿಲ್ಲ, ಅದು ತಾನೇ ಕೆಳಗೆ ಬಿದ್ದಿತ್ತು.

ಆಮೇಲೆ ಭೂಕಂಪದ ಹಾಡು. ಶಾನ್‌ಬೊರ್ ತನ್ನ ಮಾತು ಹೇಳಿದ, ಜನ ನೆಗೆದರು. ನನ್ನ ಕೈಯಿಂದ ಒಂದು ಕೋಲು ಜಾರಿ ಹಿಂದಕ್ಕೆ ಉರುಳಿತು, ಸಂದಿಯೊಳಗೆ ಇಳಿದು ಹೋಯಿತು. ಬಿದ್ದ ಸದ್ದು ಕೇಳಲೇ ಇಲ್ಲ. ಸಂದಿಯಲ್ಲಿ ಈಗ ನನ್ನ ಮುಷ್ಟಿ ಹಿಡಿಯುತ್ತಿತ್ತು. ಗೋಡೆಯ ಹಲಗೆಯಿಂದ ಹೊರಬಂದ ಮೊಳೆಗಳು ಬೆಳ್ಳಗೆ ಹೊಳೆಯುತ್ತಿದ್ದವು.

ಹಾಡು ಮುಗಿದದ್ದೇ ಶಾನ್‌ಬೊರ್‌ನನ್ನು ಎಳೆದು ತೋರಿಸಿದೆ. ಅವನ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ಹೋಗಿ ಮೈಕ್ ಹಿಡಿದ.

"ಬಾಂಧವರೇ, ನಿಜವಾಗ್ಲೂ ನೆಲ ಕುಸೀತಿದೆ. ತಮಾಷೆ ಅಲ್ಲ. ದಯವಿಟ್ಟು..."

ಜನ ಹುಚ್ಚೆದ್ದು ನೆಗೆದರು. ಅವನು ಕೈ ಮುಗಿದ, ಅತ್ತ. ಇಷ್ಟು ಚೆನ್ನಾಗಿ ಅವನು ಎಂದೂ ಅತ್ತಿರಲಿಲ್ಲವೆಂದು ಇನ್ನೂ ಜೋರಾಗಿ ಶಿಳ್ಳೆ ಹೊಡೆದರು. ನಮ್ಮ ಕೈಯಾರೆ ನಾವೇ ಆ ಮಾತನ್ನು ಕೊಂದಿದ್ದೆವು.

"ಮೆರವಣಿಗೆ!" ಎಂದ ಶಾನ್‌ಬೊರ್, ನನ್ನ ಬಳಿ ಓಡಿಬಂದು. ನಮ್ಮ ಪ್ರತಿ ಕಾರ್ಯಕ್ರಮ ಮುಗಿಯುತ್ತಿದ್ದುದು ಹಾಗೆ. ನಾನು ಸಣ್ಣ ಡ್ರಮ್ ಕೊರಳಿಗೆ ಹಾಕಿಕೊಂಡು ಜನರ ನಡುವೆ ಇಳಿದು ಹೊರಗೆ ಹೋಗುತ್ತಿದ್ದೆ. ಎಲ್ಲರೂ ತಾಳಕ್ಕೆ ಸರಿಯಾಗಿ ಹೆಜ್ಜೆ ಅಪ್ಪಳಿಸುತ್ತ ಹಿಂದೆ ಬಂದು ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದರು.

ಡೋನ್‌ಬೊಕ್ ಆಗಲೇ ಬಾಗಿಲುಗಳನ್ನು ಪೂರ್ತಿ ತೆರೆಯಲು ಓಡಿದ್ದ. ಆದರೆ ನನಗೆ ಅಜ್ಜಿಯ ಊರಿನ ಬಿದಿರಿನ ತೂಗುಸೇತುವೆ ನೆನಪಾಯಿತು. ಅದರ ಮೇಲೆ ನಾವು ಮಕ್ಕಳು ಒಟ್ಟಿಗೆ ಹೆಜ್ಜೆ ಹಾಕಿದರೆ ಅಜ್ಜಿ ಕೋಲು ಹಿಡಿದು ಬರುತ್ತಿದ್ದಳು. ಒಬ್ಬೊಬ್ಬರು ಒಂದೊಂದು ಥರ ನಡೆಯಬೇಕು, ಇಲ್ಲದಿದ್ದರೆ ಸೇತುವೆ ನಮ್ಮನ್ನು ಎಸೆಯುತ್ತದೆ.

"ಒಂದೇ ತಾಳಕ್ಕೆ ಮುನ್ನೂರು ಜನ ಕಾಲು ಹಾಕಿದ್ರೆ ಈಗ್ಲೇ ಬೀಳತ್ತೆ ಕಣೋ" ಎಂದೆ.

"ಹಾಗಾದ್ರೆ ತಪ್ಪಾಗಿ ಬಾರಿಸು."

"ನಾನು?"

"ನೀನೇ. ನಾನು ಕೊನೇಲಿ ಬರ್ತೀನಿ, ತಳ್ಳಿಕೊಂಡು."

ತಪ್ಪಾಗಿ ಬಾರಿಸುವುದು ಎಷ್ಟು ಕಷ್ಟವೆಂದು ಅಂದು ತಿಳಿಯಿತು. ಕೈ ತಾನಾಗಿಯೇ ಸರಿದಾರಿಗೆ ಬರುತ್ತಿತ್ತು, ನಾನು ಅದನ್ನು ಮತ್ತೆ ಮತ್ತೆ ಹಳ್ಳಕ್ಕೆ ದೂಡುತ್ತಿದ್ದೆ. ಮೂರು ಪೆಟ್ಟು, ಸುಮ್ಮನೆ ಒಂದು ಬಿಡುವು, ಒಂದು ಪೆಟ್ಟು, ಎರಡು. ಜನ ಹೆಜ್ಜೆ ಹಾಕಲು ಹೋಗಿ ಮುಗ್ಗರಿಸಿದರು, ಒಬ್ಬರ ಕಾಲು ಒಬ್ಬರು ತುಳಿದರು.

"ಏನೋ ಕಿತ್, ಎಷ್ಟು ಗ್ಲಾಸ್ ಏರ್ಸಿದೀಯ?"

"ಅಯ್ಯೋ, ಗೂಟವೇ ಕಿತ್ತು ಬಂತಲ್ಲೋ!"

ನಾಚಿಕೆಯಿಂದ ಕಿವಿ ಸುಡುತ್ತಿತ್ತು, ಆದರೂ ನಾನು ನಿಲ್ಲಿಸಲಿಲ್ಲ. ಜನ ಹೊರಗೆ ಬರುತ್ತಲೇ ಇದ್ದರು. ಕಾಲ ಕೆಳಗೆ ರಸ್ತೆಯ ಟಾರು ಸಿಕ್ಕಾಗ ತಿರುಗಿ ನೋಡಿದೆ. ಒಳಗೆ ವೇದಿಕೆಯ ಮುಂದೆ ಇಪ್ಪತ್ತು ಜನ ಉಳಿದಿದ್ದರು, ಅವರ ಹಿಂದೆ ಶಾನ್‌ಬೊರ್. ಅವರ ನಡುವೆ ಅಕ್ಕ. ಯಾವತ್ತೂ ಎಲ್ಲರನ್ನೂ ಮುಂದೆ ಬಿಟ್ಟು ತಾನು ಕೊನೆಗೆ ಬರುವವಳು.

ಅವಳು ನನ್ನನ್ನೇ ನೋಡುತ್ತಿದ್ದಳು. ಊರೆಲ್ಲ ತಮ್ಮನನ್ನು ನೋಡಿ ನಗುತ್ತಿರುವುದನ್ನು ಅವಳಿಗೆ ತಡೆಯಲಾಗಲಿಲ್ಲ. ಎರಡು ಕೈ ತಲೆಯ ಮೇಲೆತ್ತಿ ತಟ್ಟಿದಳು. ಒಂದು, ಎರಡು, ಮೂರು, ನಾಲ್ಕು.

"ಕಾಲು ತಟ್ಟು, ಕಿತ್! ನನ್ನ ನೋಡು!"

ಅವಳ ಕಾಲು ನೆಲಕ್ಕೆ ಬಿತ್ತು. ಪಕ್ಕದವರು ನಗುತ್ತ, ಪ್ರೀತಿಯಿಂದಲೇ, ಅವಳ ಜೊತೆ ಸೇರಿದರು. ನಾನು ಡ್ರಮ್ ನಿಲ್ಲಿಸಿ "ಬೇಡ ಕಾಂಗ್, ಬೇಡ!" ಎಂದು ಕಿರುಚಿದೆ. ನಾನು ಸೋತು ನಿಲ್ಲಿಸಿದೆನೆಂದುಕೊಂಡು ಅವರು ಇನ್ನೂ ಗಟ್ಟಿಯಾಗಿ ತಟ್ಟಿದರು. ಇಪ್ಪತ್ತು ಜನರ ಕಾಲು, ಒಂದೇ ಸದ್ದು. ಅಷ್ಟು ಸರಿಯಾದ ತಾಳವನ್ನು ನಾನು ಎಂದೂ ಕೇಳಿಲ್ಲ. ಶಾನ್‌ಬೊರ್ ಇಬಾನಳ ಬೆನ್ನಿಗೆ ಕೈಯಿಟ್ಟು ಬಲವಾಗಿ ಬಾಗಿಲ ಕಡೆ ನೂಕಿದ್ದು ಕಂಡಿತು. ಆಮೇಲೆ ಹಿಂಬದಿಯ ನೆಲ ಮೆಲ್ಲಗೆ ಬಾಗಿತು, ಆಮೇಲೆ ಅಲ್ಲಿ ಮಂಜು ಮಾತ್ರ ಇತ್ತು.

ಶಾನ್‌ಬೊರ್ ಹೋದ. ಕಾಲೇಜು ಓದುವ ಒಬ್ಬಳು ಹುಡುಗಿಯೂ ಹೋದಳು. ಅಕ್ಕನ ಸೊಂಟ ಮುರಿಯಿತು. ಕಂಬಗಳು ಕೊಳೆತಿದ್ದವು ಎಂದು ವಿಚಾರಣೆಯಲ್ಲಿ ಬರೆದರು, ಅದೇನೂ ಸುಳ್ಳಲ್ಲ. ನಾನು ಬೇಕೆಂದೇ ತಾಳ ತಪ್ಪಿಸಿದ್ದು ಗೊತ್ತಿದ್ದವನು ಶಾನ್‌ಬೊರ್ ಒಬ್ಬನೇ.

ಪ್ರತಿ ಭಾನುವಾರ ಅಕ್ಕನ ಮನೆಗೆ ಹೋಗುತ್ತೇನೆ. ಅವಳು ಊರುಗೋಲನ್ನು ಒಲೆಯ ಪಕ್ಕ ಒರಗಿಸಿ, ಚಹಾ ಕೊಟ್ಟು, ಅದೇ ಪ್ರಶ್ನೆ ಕೇಳುತ್ತಾಳೆ.

"ಆ ದಿನ ನಿನ್ನ ತಾಳ ಯಾಕೋ ತಪ್ಪಿತು? ಸರಿ ಮಾಡೋಕೆ ನಾನೆಷ್ಟು ಒದ್ದಾಡಿದೆ."

"ಕುಡಿದಿದ್ದೆ, ಕಾಂಗ್."

"ನಾಚಿಕೆ ಆಗ್ಬೇಕು ನಿಂಗೆ. ಇನ್ಮೇಲೆ ಮುಟ್ಟಬೇಡ. ಬಾ, ಮೊದಲಿಂದ ಶುರು ಮಾಡೋಣ" ಎಂದು ಚಪ್ಪಾಳೆ ತಟ್ಟುತ್ತಾಳೆ, ಸರಿ ಇರುವ ಕಾಲನ್ನು ಮರದ ನೆಲಕ್ಕೆ ಬಡಿಯುತ್ತಾಳೆ. ಒಂದು, ಎರಡು, ಮೂರು, ನಾಲ್ಕು. ನಾನೂ ಅವಳ ಜೊತೆ ಕೈ ತಟ್ಟುತ್ತೇನೆ, ಎರಡೂ ಪಾದಗಳನ್ನು ನೆಲದಿಂದ ಮೇಲೆತ್ತಿಕೊಂಡು.