ಶೀನಪ್ಪ ಫೋನಿನಲ್ಲಿ ಕೇಳಿದ ‘ನಮ್ಮ ಭಾಷೆ’

ದೊಡ್ಡ ಟಿ.ವಿ. ಮನೆಗೆ ಬಂದ ಮೇಲೆ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಒಂದೇ ಮಾತು ಕೇಳಿಬರುತ್ತದೆ. ಟಿ.ವಿ. ಏನೋ ಚೆಂದ ಉಂಟು, ಆದರೆ ಅದರಲ್ಲಿ ನಮಗೆ ಬೇಕಾದದ್ದೇ ಬರುವುದಿಲ್ಲ. ಪಾಣೆಮಂಗಳೂರಿನ ಶೀನಪ್ಪನ ಮನೆಯಲ್ಲೂ ಹೀಗೆಯೇ ಆಯಿತು. ದೇವರ ದಯೆ, ಕೊನೆಗೆ ಎಲ್ಲ ಸರಿಹೋಯಿತು. ಹೇಗೆ ಸರಿಹೋಯಿತು ಎಂಬುದನ್ನು ನೀವೂ ಕೇಳಬೇಕು.

ಶೀನಪ್ಪನದು ಪೇಟೆಯಲ್ಲಿ ಒಂದು ಸಣ್ಣ ಹೋಟೆಲು. ಮನೆಯಲ್ಲಿ ಹೆಂಡತಿ ಶಶಿಪ್ರಭಾ ಮತ್ತು ಅಕ್ಕ ಸ್ವರ್ಣಲತಾ. ಶೀನಪ್ಪ ಇನ್ನೂ ಶಾಲೆಗೆ ಸೇರುವ ಮೊದಲೇ ತಾಯಿ ತೀರಿಕೊಂಡಿದ್ದರು. ಅಂದಿನಿಂದ ಬೀಡಿ ಕಟ್ಟಿ ತಮ್ಮನನ್ನು ಸಾಕಿ ಓದಿಸಿದವರು ಈ ಅಕ್ಕ. ತಾನು ಉಣ್ಣುವ ಅನ್ನದಲ್ಲಿ ಅಕ್ಕನ ಬೆರಳಿನ ದುಡಿತ ಉಂಟು ಎಂಬುದನ್ನು ಶೀನಪ್ಪ ಒಂದು ದಿನವೂ ಮರೆತವನಲ್ಲ.

ಸಂಜೆ ದೀಪ ಹಚ್ಚಿ, ಕೈಕಾಲು ತೊಳೆದು, ಅಕ್ಕ ಟಿ.ವಿ.ಯ ಎದುರು ಚಾಪೆ ಹಾಕಿ ಕುಳಿತುಕೊಳ್ಳುತ್ತಿದ್ದರು. ಊರಿನ ಕೇಬಲ್ ಚಾನೆಲಿನಲ್ಲಿ ಆ ಹೊತ್ತಿಗೆ ಪುರಾಣ ವಾಚನ. ಹಿರಿಯರೊಬ್ಬರು ಪದ್ಯವನ್ನು ರಾಗವಾಗಿ ಹಾಡಿ, ಮತ್ತೆ ನಿಧಾನಕ್ಕೆ ತುಳುವಿನಲ್ಲಿ ಅರ್ಥ ಬಿಡಿಸುತ್ತಿದ್ದರು. ಅವರು ಸಾಲನ್ನು ಎತ್ತಿಕೊಳ್ಳುವಷ್ಟರಲ್ಲಿ ಅಕ್ಕನ ತುಟಿ ಆ ಸಾಲಿನ ಕೊನೆಗೆ ಹೋಗಿ ಕಾಯುತ್ತಿರುತ್ತಿತ್ತು. ಸಕ್ಕರೆ ಕಾಯಿಲೆಯಿಂದ ಅಕ್ಕನ ಕಣ್ಣು ಮಂಜಾಗಿತ್ತು. ಹಳೆಯ ಸಣ್ಣ ಟಿ.ವಿ.ಯಲ್ಲಿ ಹಾಡುವವರು ಅವರಿಗೆ ಬರೀ ಒಂದು ಬಿಳಿ ಮಚ್ಚೆಯಾಗಿ ಕಾಣುತ್ತಿದ್ದರು.

ಒಂದು ಸಂಜೆ ಚಾಪೆ ಮಡಚುತ್ತಾ ಅಕ್ಕ ಹೇಳಿದರು. “ಇಷ್ಟು ವರ್ಷ ಕಥೆ ಹೇಳಿದ್ದಾರೆ. ಅವರ ಮುಖ ಹೇಗುಂಟೂಂತ ನನಗೆ ಗೊತ್ತೇ ಇಲ್ಲ ನೋಡು ತಮ್ಮ.”

ಅಕ್ಕ ಅದನ್ನು ದೂರಿನ ಹಾಗೆ ಹೇಳಲಿಲ್ಲ. ಆದರೆ ಮಾತು ಶೀನಪ್ಪನ ಎದೆಯಲ್ಲಿ ಕೂತಿತು. ಚಿತ್ರ ದೊಡ್ಡದಾಗಿದ್ದು ಹತ್ತಿರ ಕುಳಿತರೆ ಅಕ್ಕನಿಗೆ ಕಾಣಬಹುದು ಎಂದು ಕಣ್ಣಿನ ಡಾಕ್ಟರು ಹೇಳಿದ್ದು ಅವನಿಗೆ ನೆನಪಿತ್ತು. ಹತ್ತಿರದ ಬಿ.ಸಿ. ರೋಡ್ ಪೇಟೆಗೆ ಹೋಗಿ ಗೋಡೆ ತುಂಬುವಂಥ ಎಚ್‌ಡಿ ಟಿ.ವಿ. ತಂದ. ದೊಡ್ಡ ಟಿ.ವಿ.ಗೆ ಡಿಶ್ ಹಾಕಿಸಿದರೇ ಚಿತ್ರ ಸ್ಪಷ್ಟ ಎಂದು ಹೋಟೆಲಿಗೆ ಬರುವವರೆಲ್ಲ ಹೇಳಿದ್ದರು. ಹಾಗಾಗಿ ಒಂದು ಡಿಶ್ ಕಂಪೆನಿಗೆ ಫೋನ್ ಮಾಡಿದ.

ಫೋನಿನ ಆ ಕಡೆಯವರದು ಬೆಂಗಳೂರಿನ ಓಡುವ ಕನ್ನಡ. ಮನೆಮಾತು ತುಳುವಾದ ಶೀನಪ್ಪನದು ಶಾಲೆಯಲ್ಲಿ ಕಲಿತ, ನಡೆದು ಹೋಗುವ ಕನ್ನಡ. ಅವನು ಪ್ಯಾಕಿನ ವಿವರಗಳನ್ನೆಲ್ಲ ಕೇಳಿಸಿಕೊಂಡು, ಮುಖ್ಯವಾದದ್ದನ್ನು ಮರೆಯದೆ ವಿಚಾರಿಸಿದ. “ನಮ್ಮ ಭಾಷೆಯ ಚಾನೆಲುಗಳು ಉಂಟಲ್ಲ?”

“ಇದಾವೆ ಸರ್. ನಮ್ ಭಾಷೇದು ಎಲ್ಲಾ ಇದಾವೆ, ಎಚ್‌ಡೀಲೇ ಇದಾವೆ.”

ಕೇಳಿದವನೂ ಸತ್ಯವನ್ನೇ ಕೇಳಿದ್ದ, ಹೇಳಿದವರೂ ಸತ್ಯವನ್ನೇ ಹೇಳಿದ್ದರು. ಎಡವಟ್ಟು ಆದದ್ದು ಅಲ್ಲಿಯೇ.

ಪಕ್ಕದ ಮನೆಯ ಶಾಹಿದಾ ಟೀಚರನ್ನು ಒಂದು ಮಾತು ಕೇಳಿ ಎಂದು ಶಶಿಪ್ರಭಾ ಹೇಳಿದ್ದಳು. ಟೀಚರು ಗ್ರಾಹಕ ಜಾಗೃತಿಯ ತರಬೇತಿ ಪಡೆದು, ಮಹಿಳಾ ಸಂಘಗಳಿಗೆ ಹೋಗಿ ತಿಳಿಸಿ ಹೇಳುವವರು. ಶೀನಪ್ಪ ಕೇಳಲಿಲ್ಲ. “ಟಿ.ವಿ. ನೋಡ್ಲಿಕ್ಕೂ ಟೀಚರು ಬೇಕಾ ಮಾರಾಯ್ತಿ?” ಎಂದುಬಿಟ್ಟ. ಅಷ್ಟೇ ಅಲ್ಲ, ಕೇಬಲಿನ ಹಾರಿಸನಿಗೆ ಇನ್ನು ನಿನ್ನ ವೈರು ಬೇಡ ಎಂದು ಹೇಳಿ ಕಳಿಸಿದ. ಹಾರಿಸ್ ಬಂದು, ವೈರು ಸುತ್ತಿ ಇಟ್ಟು, ಬಾಕ್ಸು ತೆಗೆದುಕೊಂಡು ಹೋದ.

ಡಿಶ್ ಬಂತು. ಚಿತ್ರವೂ ಬಂತು. ಎಲೆಯ ಮೇಲಿನ ನೀರಿನ ಹನಿ ಸಹ ಬಿಡಿಬಿಡಿಯಾಗಿ ಕಾಣುತ್ತಿತ್ತು. ಅಕ್ಕ ಆ ಸಂಜೆ ಹಬ್ಬಕ್ಕೆಂದು ಇಟ್ಟ ಸೀರೆ ಉಟ್ಟು ಚಾಪೆಯ ಮೇಲೆ ಕುಳಿತರು. ಶೀನಪ್ಪ ರಿಮೋಟು ಒತ್ತಿದ. ಕ್ರಿಕೆಟ್ ಬಂತು, ಅಡುಗೆ ಬಂತು, ಕನ್ನಡದ ಧಾರಾವಾಹಿ ಬಂತು, ಹಿಂದಿ ಭಜನೆ ಬಂತು. ಊರಿನ ಚಾನೆಲು ಬರಲಿಲ್ಲ. ಮೊದಲಿನಿಂದ ಇನ್ನೊಮ್ಮೆ ಒತ್ತಿದ. ಅಷ್ಟರಲ್ಲಿ ವಾಚನದ ಹೊತ್ತು ಕಳೆದಿತ್ತು.

“ಇರಲಿ ತಮ್ಮ,” ಎಂದರು ಅಕ್ಕ. “ಚಿತ್ರ ಚೆಂದ ಉಂಟು.”

ಅಕ್ಕ ಬೈದಿದ್ದರೆ ಶೀನಪ್ಪನಿಗೆ ಎಷ್ಟೋ ಹಗುರವಾಗುತ್ತಿತ್ತು.

ಮರುದಿನ ಸಂಜೆ ಅವನು ಹೋಟೆಲಿನಿಂದ ಬರುವಾಗ ಅಕ್ಕ ಚಾವಡಿಯ ಕಂಬಕ್ಕೆ ಒರಗಿ ಒಬ್ಬರೇ ಮೆಲ್ಲನೆ ಹಾಡಿಕೊಳ್ಳುತ್ತಿದ್ದರು. ಪದ್ಯ ಅರ್ಧಕ್ಕೆ ಬಂದು ನಿಂತಿತು. ಮತ್ತೆ ಮೊದಲಿನಿಂದ ಎತ್ತಿಕೊಂಡರು, ಮತ್ತೆ ಅಲ್ಲಿಗೇ ನಿಂತಿತು. ಮುಂದಿನ ಸಾಲನ್ನು ಎತ್ತಿಕೊಡುವ ದನಿ ಮನೆಯಲ್ಲಿರಲಿಲ್ಲ. ಶೀನಪ್ಪ ಒಳಗೆ ಹೋಗದೆ ಅಂಗಳದಲ್ಲೇ ನಿಂತುಬಿಟ್ಟ. ಅದನ್ನು ಕಿಟಕಿಯಿಂದ ನೋಡಿದ ಶಶಿಪ್ರಭಾ, ಗಂಡನನ್ನು ಕೇಳದೆಯೇ ಹೋಗಿ ಶಾಹಿದಾ ಟೀಚರನ್ನು ಕರೆದುಕೊಂಡು ಬಂದಳು.

ಟೀಚರು ಮೊದಲು ಕೇಳಿದ್ದು ಹಣದ ವಿಷಯ. ಸದ್ಯಕ್ಕೆ ಒಂದು ತಿಂಗಳದ್ದು ಕೊಟ್ಟದ್ದು, ವರ್ಷದ್ದು ಒಟ್ಟಿಗೆ ಕಟ್ಟಿದರೆ ಕಡಿಮೆ ಆಗುತ್ತದಂತೆ, ನಾಳೆ ಕಳಿಸುತ್ತೇನೆ ಎಂದಿದ್ದೇನೆ ಎಂದ ಶೀನಪ್ಪ.

“ಕಳಿಸ್ಬೇಡಿ. ಅವರತ್ರ ನೀವು ಕೇಳಿದ್ದೇನು ಶೀನಪ್ಪಣ್ಣ?”

“ನಮ್ಮ ಭಾಷೆಯ ಚಾನೆಲು ಉಂಟಾ ಕೇಳಿದೆ. ಉಂಟು ಹೇಳಿದ್ರು.”

“ಯಾವ ಭಾಷೆಯಲ್ಲಿ ಕೇಳಿದ್ದು?”

“ಕನ್ನಡದಲ್ಲಿ. ಅವರಿಗೆ ತುಳು ಬರ್ತದಾ?”

ಟೀಚರಿಗೆ ನಗು ತಡೆಯಲಿಲ್ಲ. “ಕನ್ನಡದಲ್ಲಿ ನಮ್ಮ ಭಾಷೆ ಹೇಳಿದ್ರೆ ಅವರು ಯಾವುದು ತಿಳ್ಕೊಳ್ಬೇಕು ಹೇಳಿ. ನಾನು ಹಾಗೆ ಕೇಳಿದ್ರೆ ನಮ್ಮ ಮನೆಯ ಬ್ಯಾರಿ ಭಾಷೆಯ ಚಾನೆಲು ಕೊಡ್ತಾರಾ?”

ಒಳಗಿನಿಂದ ಅಕ್ಕನ ನಗುವೂ ಕೇಳಿಸಿತು. ಎರಡು ದಿನಗಳಲ್ಲಿ ಅದೇ ಮೊದಲು. ಟೀಚರು ಯಾಕೆ ಬೇಕು ಎಂದು ಈಗ ಗೊತ್ತಾಯಿತಲ್ಲ ಎಂದು ಶಶಿಪ್ರಭಾ ಮೆಲ್ಲನೆ ಕುಟುಕಿದಳು.

ಟೀಚರ ಎದುರಿಗೇ ಶೀನಪ್ಪ ಇನ್ನೊಮ್ಮೆ ಫೋನ್ ಮಾಡಿ, ಈ ಸಲ ಚಾನೆಲಿನ ಹೆಸರು ಹೇಳಿ ಕೇಳಿದ. ಆ ಕಡೆಯವರು ಹುಡುಕಿ ನೋಡಿ, ಅದು ನಮ್ಮಲ್ಲಿ ಇಲ್ಲ ಸರ್ ಎಂದು ಮರ್ಯಾದೆಯಿಂದಲೇ ತಿಳಿಸಿದರು. ಊರಿನ ಸಣ್ಣ ಚಾನೆಲುಗಳು ಹೆಚ್ಚಾಗಿ ಕೇಬಲಿನಲ್ಲಿ ಮಾತ್ರ ಬರುತ್ತವೆ, ಉಪಗ್ರಹದಿಂದ ಬರುವ ಡಿಶ್ಶಿನಲ್ಲಿ ಸಿಗುವುದು ಕಡಿಮೆ ಎಂದು ಟೀಚರು ವಿವರಿಸಿದರು.

ಶೀನಪ್ಪನ ಮುಖ ಸಪ್ಪೆಯಾಯಿತು. “ಹಾಗಾದ್ರೆ ಇಷ್ಟು ದೊಡ್ಡ ಟಿ.ವಿ. ತಂದದ್ದು ದಂಡವಾ?”

“ದಂಡ ಯಾಕೆ? ಕೇಬಲಿನವರಲ್ಲೂ ಎಚ್‌ಡಿ ಬಾಕ್ಸು ಉಂಟು. ಆದ್ರೆ ಸುಳ್ಳು ಹೇಳುವುದಿಲ್ಲ. ಟಿ.ವಿ. ಎಚ್‌ಡಿ ಆದ್ರೆ ಸಾಕಾಗುವುದಿಲ್ಲ, ಬಾಕ್ಸು ಎಚ್‌ಡಿ ಆಗ್ಬೇಕು, ಚಾನೆಲು ಸಹ ಎಚ್‌ಡಿಯಲ್ಲೇ ಬರ್ಬೇಕು. ನಮ್ಮ ಊರಿನ ಚಾನೆಲು ಇನ್ನೂ ಎಚ್‌ಡಿ ಆಗ್ಲಿಲ್ಲ. ಎಲೆ ಮೇಲಿನ ನೀರು ಕಂಡ ಹಾಗೆ ಕಾಣ್ಲಿಕ್ಕಿಲ್ಲ. ದೊಡ್ಡದಾಗಿ ಮಾತ್ರ ಕಾಣ್ತದೆ.”

ಅಕ್ಕನಿಗೆ ಬೇಕಾದದ್ದು ಅಷ್ಟೇ ಅಲ್ಲವೇ. ಹಾರಿಸನ ಮುಖ ನೋಡಲು ಶೀನಪ್ಪನಿಗೆ ನಾಚಿಕೆ. ಆದರೂ ಬೆಳಿಗ್ಗೆ ಎದ್ದು ಅವನ ಅಂಗಡಿಗೆ ಹೋದ. ಹಾರಿಸ್ ಒಂದು ಕೊಂಕೂ ಆಡಲಿಲ್ಲ.

“ವೈರು ಸುತ್ತಿ ಇಟ್ಟದ್ದೇ ಶೀನಪ್ಪಣ್ಣ, ಕಡಿಯಲಿಲ್ಲ. ಸ್ವರ್ಣಕ್ಕ ಕರೀತಾರೇಂತ ಗೊತ್ತಿತ್ತು.”

ಆ ಸಂಜೆಗೆ ಮೊದಲೇ ಹಾರಿಸ್ ಬಂದು ಹೊಸ ಎಚ್‌ಡಿ ಬಾಕ್ಸು ಕೂರಿಸಿದ. ಮೂರು ಬಣ್ಣದ ಹಳೆಯ ವೈರಿನ ಬದಲು ಎಚ್‌ಡಿಎಮ್‌ಐ ವೈರು ಹಾಕಿಸಿದರು ಟೀಚರು. ಹಳೆಯ ವೈರಿನಲ್ಲಿ ಎಚ್‌ಡಿ ಚಿತ್ರ ಹರಿಯುವುದಿಲ್ಲವಂತೆ. ವಾಚನ ಶುರುವಾಯಿತು. ಆದರೆ ಹಾಡುವವರು ಅಡ್ಡಕ್ಕೆ ಹಿಗ್ಗಿ ಚೀನಿಕಾಯಿಯ ಹಾಗೆ ಕಾಣುತ್ತಿದ್ದರು. ಟೀಚರು ರಿಮೋಟಿನಲ್ಲಿ ಚಿತ್ರದ ಅಗಲವನ್ನು ಸರಿಮಾಡಿದರು. ಮುಖ ಮನುಷ್ಯರ ಮುಖವಾಯಿತು.

ಅಕ್ಕ ಚಾಪೆಯನ್ನು ಮುಂದಕ್ಕೆ ಎಳೆದರು. ಇನ್ನೂ ಸ್ವಲ್ಪ ಎಳೆದರು. ತುಟಿ ಎಂದಿನಂತೆ ಸಾಲಿನ ಕೊನೆಗೆ ಓಡಲಿಲ್ಲ. ಸುಮ್ಮನೆ ನೋಡಿದರು. ಪದ್ಯ ಮುಗಿದು ಅರ್ಥ ಶುರುವಾದ ಮೇಲೆ ತಮ್ಮನ ಕಡೆ ತಿರುಗಿದರು.

“ಇವರು ಪುಸ್ತಕವನ್ನು ಮೂಗಿಗೆ ತಾಗಿಸಿ ಓದ್ತಾರಲ್ಲಾ. ಪಾಪ, ಇವರಿಗೂ ಕಣ್ಣು ಕಾಣುವುದಿಲ್ಲ.”

ಅಕ್ಕ ಶಾಹಿದಾ ಟೀಚರ ಕೈಯನ್ನು ಹುಡುಕಿ ಹಿಡಿದು, ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ ಮಗಾ ಎಂದರು. ಹಾರಿಸನನ್ನೂ ಹಾಗೆಯೇ ಹರಸಿದರು. ಆಮೇಲೆ ಟಿ.ವಿ.ಯ ಕಡೆ ತಿರುಗಿ, ಎರಡೂ ಕೈ ಜೋಡಿಸಿದರು. ಕಥೆ ಕೇಳಿ ಮುಗಿದ ಮೇಲೆ ಕೈ ಮುಗಿಯುವುದು ಅವರ ರೂಢಿ. ಆದರೆ ಅಂದು ಕಥೆ ಇನ್ನೂ ಮುಗಿದಿರಲಿಲ್ಲ.

ಓದುವ ಅಣ್ಣಂದಿರೇ, ಅಕ್ಕಂದಿರೇ, ಎಚ್‌ಡಿ ಟಿ.ವಿ. ತನ್ನಿ, ಡಿಶ್ಶೂ ಹಾಕಿಸಿ, ಬೇಡವೆನ್ನುವವರು ಯಾರೂ ಇಲ್ಲ. ಆದರೆ ಫೋನ್ ಎತ್ತುವ ಮೊದಲು ಮನೆಯಲ್ಲಿ ಯಾರು ಏನು ನೋಡುತ್ತಾರೆ, ಏನು ಕೇಳುತ್ತಾರೆ ಎಂದು ವಿಚಾರಿಸಿ. ಹೆಚ್ಚು ಮಾತಾಡದವರನ್ನು ಮರೆಯದೆ ಕೇಳಿ. ಚಾನೆಲಿನ ಹೆಸರು ಹೇಳಿಯೇ ಕಂಪೆನಿಯವರನ್ನು ಪ್ರಶ್ನಿಸಿ. ಅದು ಎಚ್‌ಡಿಯೋ ಸಾದಾ ಚಾನೆಲೋ, ಒಂದಕ್ಕೊಂದು ದರ ಬೇರೆಯೋ ತಿಳಿದುಕೊಳ್ಳಿ. ಇಡೀ ಪ್ಯಾಕು ಬೇಡವಾದರೆ ಬೇಕಾದ ಚಾನೆಲುಗಳನ್ನು ಬಿಡಿಯಾಗಿ ಆರಿಸುವ ಹಕ್ಕು ನಿಮಗೆ ಉಂಟು. ಮೊದಲು ಒಂದು ತಿಂಗಳಿಗೆ ಮಾತ್ರ ಕಟ್ಟಿ ನೋಡಿ. ಹೊಸದು ಮನಸ್ಸಿಗೆ ಒಪ್ಪುವ ತನಕ ಹಳೆಯ ಸಂಪರ್ಕವನ್ನು ತೆಗೆಸಬೇಡಿ. ಮೊಬೈಲಿಗೆ ಬರುವ ಒಟಿಪಿಯನ್ನು ಯಾರಿಗೂ ಹೇಳಬೇಡಿ. ಮೋಸವಾಯಿತು ಎನಿಸಿದರೆ ಮೊದಲು ಕಂಪೆನಿಗೆ ದೂರು ಕೊಡಿ, ಅಲ್ಲಿ ಆಗದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಇವತ್ತು ಸಂಜೆ ದೀಪ ಹಚ್ಚಿದ ಮೇಲೆ ನಿಮ್ಮ ಮನೆಯ ಹಿರಿಯರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಅವರು ಯಾವುದಕ್ಕಾಗಿ ಕಾಯುತ್ತಾರೆ ಎಂಬುದು ತಿಳಿಯುತ್ತದೆ. ಟಿ.ವಿ.ಗೆ ಯಾವ ಪ್ಯಾಕು ಎಂದು ಆಮೇಲೆ ನಿಶ್ಚಯ ಮಾಡುವ.