ಉಪಗ್ರಹಕ್ಕೆ ಕಂಡ ಉಪ್ಪು

"ಕೈ ಬೀಸಿ ಉಗ್ಗೇ ರಂಡೆ! ಮುತ್ತು ಚೆಲ್ಲಾಕತ್ತೀ ಏನ, ಉಪ್ಪು ಅದು!"

ಬದುವಿನ ಮೇಲೆ ಕುರ್ಚಿ ಹಾಕಿಸಿಕೊಂಡು ಸೀತಾರಾಮ ದೊರೆ ಕೂತಿದ್ದ. ಮನೆಮಾತು ತೆಲುಗು, ಬೈಯುವುದು ಮಾತ್ರ ಕನ್ನಡದಲ್ಲಿ. ಯಾದಗಿರಿ ಕಡೆಯಿಂದ ದುಡಿಯಲು ಬಂದವರಿಗೆ ಅರ್ಥವಾಗದೆ ಬೈಗುಳ ದಂಡವಾಗಬಾರದಲ್ಲ!

ಬಸಲಿಂಗಮ್ಮ ಬೇಗಂ ಬಜಾರಿನಿಂದ ಟೆಂಪೋದಲ್ಲಿ ಬಂದ ಹರಳುಪ್ಪನ್ನು ಉಡಿಗೆ ತುಂಬಿಕೊಂಡು ತನ್ನ ಹೊಲಕ್ಕೇ ಚೆಲ್ಲುತ್ತಿದ್ದಳು. ತನ್ನದೆಂದರೆ ದೊರೆಯದು, ಅವಳು ಪಾಲಿಗೆ ಹಿಡಿದದ್ದು. ಹೈದರಾಬಾದಿನ ಹೊಲಸನ್ನೆಲ್ಲ ಹೊತ್ತು ಬರುವ ಮೂಸಿ ಹೊಳೆಯ ನೀರಿಗೆ ಅಲ್ಲಿ ಎಮ್ಮೆಹುಲ್ಲು ಆಳೆತ್ತರ ಬೆಳೆಯುತ್ತಿತ್ತು. ಅದನ್ನು ಕೊಯ್ದು ಎಮ್ಮೆ ಕಟ್ಟುವ ತಬೇಲಗಳಿಗೆ ಮಾರಿದರೆ ಅವಳ ಒಲೆ ಉರಿಯುತ್ತಿತ್ತು. ಹೋದ ವಾರ ದೊರೆ ಅದನ್ನು ಬುಡಸಮೇತ ಕೀಳಿಸಿದ್ದ.

"ಹುಲ್ಲು ಹ್ವಾದ್ರ ನಾವೇನು ತಿನ್ನೂಣ್ರೀ ದೊರೀ?" ಎಂದ ಅವಳ ಗಂಡ ಗುರುಶಾಂತ.

"ಪರಿಹಾರ ತಿನ್ನೋ ಮಬ್ಬಾ. ಮ್ಯಾಲಿಂದ ಸ್ಯಾಟಲೈಟ್ ನೋಡ್ತೈತಿ. ನೆಲ ಬೆಳ್ಳಗ ಕಂಡ್ರ, ಉಪ್ಪು ಹಿಡದೈತಿ ಅಂತ ಸರ್ಕಾರ ರೊಕ್ಕ ಕೊಡ್ತೈತಿ. ಉಳೂ ಮಂದಿಗೇ. ನನಗೇನೂ ಬ್ಯಾಡ, ನಿಮ್ಮನ್ನ ನೋಡಿ ಹೊಟ್ಟಿ ಚುರ್ ಅಂತೈತಿ."

ದೊರೆಯ ಹೊಟ್ಟೆ ಚುರ್ ಎಂದಾಗಲೇ ಬಸಲಿಂಗಮ್ಮ ಎಚ್ಚರವಾಗಬೇಕಿತ್ತು. ಆಗಲಿಲ್ಲ. ಬೆಳೆದವರಿಗೆ ಸರ್ಕಾರ ಬಿಡಿಗಾಸು ಕೊಟ್ಟದ್ದನ್ನು ಅವಳು ಕಂಡಿರಲಿಲ್ಲ. ಬೆಳೆ ಹಾಳಾದವರ ಮನೆಗೆ ಪರಿಹಾರ ಬಂದದ್ದನ್ನು ಕಂಡಿದ್ದಳು. ಹಾಳು ಮಾಡಿಕೊಂಡರೆ ತನಗೂ ಬಂದೀತೆಂದು ಇನ್ನೊಂದು ಉಡಿ ಹೆಚ್ಚೇ ಚೆಲ್ಲಿದಳು. ಒಡೆದ ಹಿಮ್ಮಡಿಗೆ ಉಪ್ಪು ಇಳಿದು ಧಗಧಗ ಉರಿಯುತ್ತಿತ್ತು.

ಕೆಲ ದಿನ ಬಿಟ್ಟು ಜೀಪು ಬಂತು. ಇಳಿದವನು ಕೌಶಲ್, ಉಪಗ್ರಹದ ಚಿತ್ರ ನೋಡಿ ಸವಳು ನೆಲದ ನಕ್ಷೆ ಮಾಡುವ ಆಫೀಸಿನವನು.

"ಓ, ಕನ್ನಡದವ್ರಾ? ನಾನೂ ಮೈಸೂರಿನವನೇ. ತುಂಬಾ ಸಂತೋಷ!" ಎಂದ. ಸಂತೋಷ ಅಲ್ಲಿಗೇ ಮುಗಿಯಿತು. ಬೂಟು ಕೆಸರಾದೀತೆಂದು ಬದುವಿನ ಮೇಲೇ ನಿಂತು ಅವಳಿಂದಲೇ ಮಣ್ಣು ತರಿಸಿದ.

"ಸಾಹೇಬ್ರ ಕೈಯಾಗ ಕೊಡ್ತೀ ಏನಲೇ? ಕೆಳಗಿಡು!" ದೊರೆ ಗದರಿದ.

ಅವಳು ಕೆಳಗಿಟ್ಟಳು. ಕೌಶಲ್ ಅದರಲ್ಲಿದ್ದ ಗೋಣಿಚೀಲದ ದಾರವನ್ನು ಕಸವೆಂದು ಕಿತ್ತೆಸೆದು, ಹರಳುಗಳನ್ನು ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ ಎಂಬಂತೆ ನೋಡಿದ. ಕೈಯಲ್ಲಿದ್ದ ಟ್ಯಾಬಿನಲ್ಲಿ ಅವಳ ಹೊಲ ಉಪ್ಪಿನ ಗುರುತಾಗಿ ಕೆಂಪಗೆ ಹೊಳೆಯುತ್ತಿತ್ತು.

"ಪರ್ಫೆಕ್ಟ್! ಮೇಲಿಂದ ಕಂಡಿದ್ದೂ ಉಪ್ಪು, ಕೆಳಗೆ ಸಿಕ್ಕಿದ್ದೂ ಉಪ್ಪು."

"ಹಂಗಾರ ನಮ್ಮ ಪರಿಹಾರ ಯಾವಾಗ ಬರ್ತೈತ್ರೀ?" ಬಸಲಿಂಗಮ್ಮನ ಮುಖ ಅರಳಿತ್ತು.

"ಯಾವ ಪರಿಹಾರ? ಇದು ಬೇಸಾಯಕ್ಕೆ ಬಾರದ ಜಮೀನು ಅಂತ ನಕ್ಷೆಗೆ ಹೋಗುತ್ತೆ. ಬೇಸಾಯ ಇಲ್ಲ ಅಂದ್ಮೇಲೆ ಪಾಲಿನವರ ತಕರಾರೂ ಇರಲ್ಲ. ನಿಮ್ಮ ದೊರೆ ಪ್ಲಾಟ್ ಮಾಡಿ ಮಾರ್ಕೋಬಹುದು."

"ನಾಳಿಗೆ ನಿಮ್ಮ ಗುಡಿಸಲ ಕಿತ್ತಿರಬೇಕು," ಎಂದ ದೊರೆ. ಅವನ ಹೊಟ್ಟೆ ಈಗ ತಣ್ಣಗಿತ್ತು.

ಬಸಲಿಂಗಮ್ಮ ತನ್ನ ಅನ್ನಕ್ಕೆ ತಾನೇ ಮಣ್ಣು ಹಾಕಿಕೊಂಡಿದ್ದಳು, ಅದೂ ಬೈಸಿಕೊಂಡು.

"ಸುಳ್ಳರೀ ಸಾಹೇಬ್ರ! ಈ ಉಪ್ಪು ನಾವ ಉಗ್ಗೀವಿ! ಈ ಬಾಡ್ಯಾ ಉಗ್ಗಿಸ್ಯಾನ!"

ಕೌಶಲ್ ದೊರೆಯನ್ನು ನೋಡಿದ, ಟ್ಯಾಬನ್ನು ನೋಡಿದ. ದೊರೆಯ ತೋಟದ ಮನೆಯಿಂದ ನಾಟಿಕೋಳಿ ಸಾರಿನ ವಾಸನೆ ಬರುತ್ತಿತ್ತು.

"ನೋಡಮ್ಮ, ಯಾರು ಹಾಕಿದ್ದು ಅಂತ ಸ್ಯಾಟಲೈಟಿಗೆ ಕಾಣಲ್ಲ," ಎಂದು ಊಟಕ್ಕೆ ನಡೆದ.

ಬಸಲಿಂಗಮ್ಮ ಅಳಲಿಲ್ಲ. ಅಳು ಬರುವ ಜಾಗದಲ್ಲಿ ಸಿಟ್ಟು ಬಂದು ಕೂತಿತ್ತು. ಉಳಿದಿದ್ದ ಉಪ್ಪಿನ ಚೀಲವೊಂದನ್ನು ತಲೆಗೆ ಹೊತ್ತು ನೇರ ತೋಟದ ಮನೆಗೆ ಹೋದಳು. ಅಂಗಳದಲ್ಲಿ ಸಾಲು ಗುಲಾಬಿ, ಗಂಧಸಾಲಿ ಭತ್ತದ ಸಸಿಮಡಿಯಂಥ ಮೆತ್ತನೆ ಹುಲ್ಲುಹಾಸು. ಎಲ್ಲಕ್ಕೂ ಉಪ್ಪು ಸುರಿದಳು. ನೀರಿನ ಪೈಪು ಎಳೆದು ಚೆನ್ನಾಗಿ ನೆನೆಸಿದಳು.

ದೊರೆ ಎಂಜಲು ಕೈಯಲ್ಲೇ ಓಡಿಬಂದ. "ಏಯ್ ಸೂಳೀ! ಏನ್ ಮಾಡಾಕತ್ತೀ?"

"ಯಾಕ ಒದರ್ತೀ? ಯಾರು ಹಾಕ್ಯಾರ ಅಂತ ಕಾಣೂದಿಲ್ಲಂತ."

ಕೌಶಲ್ ಬಾಗಿಲಲ್ಲಿ ಕೋಳಿಕಾಲು ಹಿಡಿದು ನಿಂತಿದ್ದ. ದೊರೆ ಅವಳ ಕೂದಲಿಗೆ ಕೈ ಹಾಕಿದ. ಹಿಂದೆ ದೊಪ್ಪೆಂದು ಸದ್ದಾಯಿತು. ಇದುವರೆಗೆ ದೊರೆಯ ಮುಂದೆ ತಲೆಯೆತ್ತದ ಗುರುಶಾಂತ ಇನ್ನೊಂದು ಚೀಲ ಇಳಿಸಿ, ಕುಡುಗೋಲಿನಿಂದ ಅದರ ಹೊಟ್ಟೆ ಸೀಳಿದ. ಕುಡುಗೋಲನ್ನು ಕೆಳಗಿಡಲಿಲ್ಲ.