ದಪ್ಪ ಗಾಲಿಯ ಕುರ್ಚಿ

"ಅಕ್ಕಾರ, ಬ್ರೇಕ್ ಹಾಕೀರಿಲ್ರಿ?" ಎನ್ನುತ್ತ ಮುತ್ತಪ್ಪ ಟೆಂಪೋದ ಕಬ್ಬಿಣದ ಸರಳಿಗೆ ಹಗ್ಗ ಸುತ್ತಿ ಬಿಗಿದ. ದಾನೇಶ್ವರಿ ಕುರ್ಚಿಯ ಬ್ರೇಕ್ ಹಾಕಿಯೇ ಕುಳಿತಿದ್ದಳು. ಆದರೂ ಮತ್ತೊಮ್ಮೆ ಒತ್ತಿ ನೋಡಿದಳು. ಅದೇ ಓಣಿಯ ಮುತ್ತಪ್ಪ ನಿತ್ಯ ಮಾರ್ಕೆಟ್ಟಿಗೆ ಕಾಯಿಪಲ್ಲೆ ಸಾಗಿಸುವ ಟೆಂಪೋ ಅದು. ತಳದಲ್ಲಿ ಇನ್ನೂ ಕೊತ್ತಂಬರಿ ಎಲೆಗಳು ಅಂಟಿಕೊಂಡಿದ್ದವು. ಹಿಂದುಗಡೆ ಎರಡು ಹಲಗೆ ಇಳಿಬಿಟ್ಟಾಗ ಕುರ್ಚಿ ಯಾರ ಆಸರೆಯೂ ಇಲ್ಲದೆ ಗುರ್ ಎಂದು ತಾನೇ ಮೇಲೆ ಹತ್ತಿತ್ತು. ಓಣಿಯ ಹೆಂಗಸರು ಬಾಗಿಲುಗಳಲ್ಲಿ ನಿಂತು ನೋಡಿದ್ದರು.

"ಶಶಿಯಣ್ಣಗ ಹೇಳೀರಿಲ್ರಿ?"

"ಬಂದಮ್ಯಾಲ ಹೇಳ್ತೀನಿ. ನೀ ಗಾಡಿ ಬಿಡಪಾ."

ಗಂಡ ಶಶಿಧರ ನಸುಕಿನಲ್ಲೇ ಆಟೋ ನಗರದ ಲೇತ್ ಅಂಗಡಿಗೆ ಹೋಗಿದ್ದ. ಇವತ್ತು ಶನಿವಾರ, ಮಗಳಿಗೆ ಮುಂಜಾನೆಯ ಶಾಲೆ. ಬಿಡುವುದರೊಳಗೆ ಮುಟ್ಟಬೇಕು ಎಂಬುದೊಂದೇ ದಾನೇಶ್ವರಿಯ ತಲೆಯಲ್ಲಿತ್ತು. ಎದ್ದಾಗಿನಿಂದ ಆಕೆ ಒಂದು ಗುಟುಕು ನೀರು ಕುಡಿದಿರಲಿಲ್ಲ. ಹೊರಗೆ ಹೊರಡುವ ದಿನ ಹಾಗೆಯೇ. ನೀರು ಕುಡಿದರೆ ದಾರಿಯಲ್ಲಿ ಬಚ್ಚಲು ಎಲ್ಲಿ ಎಂದು ಯೋಚಿಸಬೇಕಾಗುತ್ತದೆ.

ನಾಲ್ಕು ವರ್ಷದ ಹಿಂದೆ ಶಾವಿಗೆ ಒಣಹಾಕಲು ಮಾಳಿಗೆ ಹತ್ತಿದ್ದವಳು ಹಿಂದೆ ಹಿಂದೆ ಸರಿಯುತ್ತ ಅಂಚು ತಪ್ಪಿ ಬಿದ್ದಿದ್ದಳು. ಸೊಂಟದಿಂದ ಕೆಳಗೆ ಏನೂ ಉಳಿಯಲಿಲ್ಲ. ಆಸ್ಪತ್ರೆಯ ಓಡಾಟದಲ್ಲಿ ಮಗಳನ್ನು ನೋಡಿಕೊಳ್ಳುವವರಿಲ್ಲದೆ, ಶಶಿಧರ ಪದ್ಮಶ್ರೀಯನ್ನು ಗುಂಜಿಯ ಆಚೆ ಕಾಡಂಚಿನ ಊರಿನಲ್ಲಿದ್ದ ತನ್ನ ಅಕ್ಕ ಕಾಂತಾಳ ಮನೆಯಲ್ಲಿ ಬಿಟ್ಟು ಬಂದ. ಕಾಂತಾಗೆ ಮಕ್ಕಳಿರಲಿಲ್ಲ. ಒಂದು ವರ್ಷ ಇರಲಿ ಎಂದದ್ದು ಹಾಗೆಯೇ ಬೆಳೆಯಿತು. ಮೊದಮೊದಲು ಮಗಳು ದೀಪಾವಳಿಗೆ, ಬೇಸಿಗೆ ರಜೆಗೆ ಬೆಳಗಾವಿಗೆ ಬರುತ್ತಿದ್ದಳು. ಕಳೆದ ದೀಪಾವಳಿಗೆ ಜ್ವರ ಎಂದರು. ಬೇಸಿಗೆಯಲ್ಲಿ ಕಾಂತಾಳ ಜೊತೆ ಯಾವುದೋ ಮದುವೆಗೆ ಹೋದಳು ಎಂದರು.

"ನಾನರ ಹೋಗಿ ನೋಡಿ ಬರ್ತೀನಿ" ಎಂದಾಗಲೆಲ್ಲ ಶಶಿಧರನದು ಒಂದೇ ಮಾತು. "ಅಲ್ಲಿ ರಸ್ತಿ ಎಲ್ಲೈತಿ? ಟ್ರ್ಯಾಕ್ಟರ್ ಸೈತ ಹುಗೀತಾವ. ನಿನ್ನ ಕುರ್ಚಿ ಹೋಗೂದಿಲ್ಲ."

ಆಗ ಅದು ಖರೇ ಇತ್ತು. ಹಳೆಯ ಕುರ್ಚಿಯ ತೆಳು ಗಾಲಿಗಳು ಓಣಿಯ ಗರಸಿನ ಕಲ್ಲುಮಣ್ಣಿನಲ್ಲೇ ಸಿಕ್ಕಿಬೀಳುತ್ತಿದ್ದವು. ಈ ಮಳೆಗಾಲದಲ್ಲಿ ಒಂದು ಟ್ರಸ್ಟಿನವರು ಎಂಥ ನೆಲದ ಮೇಲೂ ಓಡುವ ಈ ಕುರ್ಚಿ ಕೊಟ್ಟರು. ಸಣ್ಣ ಟ್ರ್ಯಾಕ್ಟರಿನವುಗಳಂಥ ಹಲ್ಲುಹಲ್ಲಿನ ದಪ್ಪ ಗಾಲಿಗಳು, ಕೂರುವ ಜಾಗದ ಅಡಿಯಲ್ಲಿ ಬ್ಯಾಟರಿ, ಬಲಗೈಯ ಬಳಿ ಬೆರಳಿನಿಂದ ನೂಕುವ ಒಂದು ಹಿಡಿ. ಮನೆಯ ಬಾಗಿಲಲ್ಲಿ ಅದು ತೂರಲಿಲ್ಲ. ಶಶಿಧರನೇ ಅಂಗಳದಲ್ಲಿ ತಗಡು ಹೊದಿಸಿ ಅದಕ್ಕೊಂದು ಜಾಗ ಮಾಡಿದ. ಒಳಗೆ ಹಳೆಯ ಕುರ್ಚಿ, ಹೊರಗೆ ಇದು. ನಡುವೆ ನುಣುಪಾದ ಒಂದು ಹಲಗೆ ಇಟ್ಟು ಕೈಯ ಬಲದಲ್ಲಿ ಜಾರಿ ದಾಟಬೇಕು. ಮೊದಲ ವಾರ ಗಂಡ ಹೆಂಡತಿ ಇಬ್ಬರೂ ಹುಡುಗರಂತೆ ಅದನ್ನು ಉಸುಕಿನ ಗುಂಪಿ ಹತ್ತಿಸಿ ಇಳಿಸಿ ನೋಡಿದರು. ಅವಳು ಬಜಾರಿಗೆ ಹೋಗಿ ಬಂದಳು, ಬ್ಯಾಂಕಿನ ಬಾಗಿಲ ತನಕ ಹೋಗಿ ಮೆಟ್ಟಿಲು ನೋಡಿ ತಿರುಗಿ ಬಂದಳು. ಆದರೆ ಗುಂಜಿಯ ಮಾತನ್ನು ಶಶಿಧರ ಎತ್ತಲಿಲ್ಲ. ಅವಳೇ ಎತ್ತಿದರೆ "ಮಳಿ ನಿಂದರ್ಲಿ" ಎಂದ. ಮಳೆ ನಿಂತು ಎಷ್ಟೋ ದಿನವಾದ ಮೇಲೆ ಅವಳು ಮುತ್ತಪ್ಪನನ್ನು ಕೇಳಿದ್ದಳು.

ಖಾನಾಪುರ ದಾಟಿದ ಮೇಲೆ ಗಾಳಿ ತಣ್ಣಗಾಯಿತು. ಕುರ್ಚಿಯನ್ನು ಹಿಮ್ಮುಖವಾಗಿ ಕಟ್ಟಿದ್ದರಿಂದ ಅವಳಿಗೆ ಕಾಣುತ್ತಿದ್ದುದು ಬಿಟ್ಟು ಬಂದ ರಸ್ತೆ ಮಾತ್ರ. ಹಿಂದೆ ಬರುತ್ತಿದ್ದ ಬೈಕಿನ ದಂಪತಿ ಬಹಳ ಹೊತ್ತು ಅವಳನ್ನೇ ನೋಡಿದರು. ಸಂತೆಯಿಂದ ಎಮ್ಮೆ ತರುವಾಗ ಹೀಗೆಯೇ ಕಟ್ಟಿ ತರುತ್ತಾರೆ ಎನಿಸಿ, ಅವಳು ಸೆರಗನ್ನು ಭುಜದ ತುಂಬ ಎಳೆದುಕೊಂಡಳು. ತೊಡೆಯ ಮೇಲೆ ಸಿಹಿ ಕುಂದಾದ ಡಬ್ಬಿಯಿತ್ತು. ಪದ್ಮಶ್ರೀಗೆ ಸೇರುತ್ತದೆ ಎಂದು ನಿನ್ನೆ ತಾನೇ ಹೋಗಿ ತಂದದ್ದು.

ಊರಿಗೆ ತಿರುಗುವ ಕಡೆ ಮುತ್ತಪ್ಪ ಗಾಡಿ ನಿಲ್ಲಿಸಿ ಇಳಿದು ನೋಡಿದ. ಹಳ್ಳದ ಮೇಲಿನ ಸಣ್ಣ ಸೇತುವೆಯ ಒಂದು ಬದಿ ಮಳೆಗೆ ಕುಸಿದಿತ್ತು. "ಟೆಂಪೋ ದಾಟೂದಿಲ್ರಿ ಅಕ್ಕಾರ. ನಾ ಜೋಡಿ ನಡಕೋತ ಬರ್ಲ್ಯಾ?"

"ಬ್ಯಾಡ. ನೀ ಇಲ್ಲೇ ಚಾ ಕುಡದು ಕುಂದರು."

ಹಲಗೆ ಇಳಿದು ಅವಳು ಮಣ್ಣಿನ ದಾರಿ ಹಿಡಿದಳು. ಟ್ರ್ಯಾಕ್ಟರಿನ ಗಾಲಿಗಳು ಕೊರೆದ ಆಳದ ಗೆರೆಗಳಲ್ಲಿ ಕೆಸರು ಅರ್ಧ ಒಣಗಿತ್ತು. ಕುರ್ಚಿ ಒಂದು ಬದಿಗೆ ವಾಲಿತು, ಎದ್ದಿತು, ಮತ್ತೆ ವಾಲಿತು, ಎಲ್ಲಿಯೂ ನಿಲ್ಲಲಿಲ್ಲ. ಸೇತುವೆಯ ಬಾಜು ಹಳ್ಳ ಹರಡಿಕೊಂಡು ತೆಳ್ಳಗೆ ಹರಿಯುವ ಕಡೆ ಅವಳು ಕ್ಷಣ ಹಿಂಜರಿದು, ಹಿಡಿಯನ್ನು ಮುಂದೆ ನೂಕಿದಳು. ನೀರು ಚಿಮ್ಮಿ ಮುಖಕ್ಕೆ ಬಿತ್ತು. ಪಾದಗಳೂ ತೊಯ್ದವು, ಅದು ಅವಳಿಗೆ ತಿಳಿದದ್ದು ಕಣ್ಣಿನಿಂದ. ಆಚೆ ದಂಡೆ ಹತ್ತಿದಾಗ ಅವಳು ಒಬ್ಬಳೇ ನಕ್ಕಳು. ಇಷ್ಟೇ ಇತ್ತೇ ಈ ರಸ್ತೆ! ನಾಲ್ಕು ವರ್ಷ ತಡೆದದ್ದು ಇದೇ ಏನು?

ಶಾಲೆ ಊರಿನ ಈಚೆಗೇ ಇತ್ತು. ಬಯಲಿನಲ್ಲಿ ಆಟದ ಬಿಡುವು. ಮೊದಲು ನೋಡಿದವನು ಕೂಗಿದ್ದೇ ತಡ, ಮಕ್ಕಳೆಲ್ಲ ಓಡಿ ಬಂದು ಕುರ್ಚಿಯನ್ನು ಸುತ್ತುಗಟ್ಟಿದರು.

"ಮಾವಶಿ, ಇದಕ್ಕ ಪೆಟ್ರೋಲ್ ಹಾಕ್ತೀರೇನ್ರಿ?"

"ಇಲ್ಲೋ, ಮೊಬೈಲ್ ಹಂಗ ಚಾರ್ಜ್ ಮಾಡೂದು."

"ಗುಡ್ಡ ಹತ್ತತೇತೇನ್ರಿ?"

"ಹತ್ತತೇತಿ. ನಿಮ್ಮೂರ ಹಳ್ಳ ದಾಟಿ ಬಂದೀನಿ ನೋಡ್ರಿ."

ಮಕ್ಕಳು ತೊಯ್ದ ಗಾಲಿಗಳನ್ನು ಮುಟ್ಟಿ ನೋಡಿದರು. ದಾನೇಶ್ವರಿಯ ಕಣ್ಣು ಅವರ ತಲೆಗಳ ಮೇಲಿನಿಂದ ಹುಡುಕುತ್ತಿತ್ತು. ವರಾಂಡದ ಕಂಬದ ಪಕ್ಕ ಪದ್ಮಶ್ರೀ ನಿಂತಿದ್ದಳು. ಎತ್ತರ ಬೆಳೆದಿದ್ದಳು. ಓಡಿ ಬಂದಿರಲಿಲ್ಲ ಅವಳೊಬ್ಬಳೇ.

"ಯಾರ್ ಬೇಕಾಗಿತ್ರಿ ನಿಮಗ?" ಕೆಂಪು ರಿಬ್ಬನ್ನಿನ ಹುಡುಗಿಯೊಬ್ಬಳು ಕೇಳಿದಳು.

"ಪದ್ಮಶ್ರೀ. ನಾಕನೇ ಕ್ಲಾಸಿನಾಕಿ."

"ನಮ್ಮ ಕ್ಲಾಸಿನಾಕೀನ ರೀ! ಪದ್ದೀ, ನಿನ್ನ ಭೆಟ್ಟಿ ಆಗಾಕ ಯಾರೋ ಬಂದಾರಲೇ!" ಹುಡುಗಿ ಕೂಗಿ, ಮತ್ತೆ ದಾನೇಶ್ವರಿಯತ್ತ ತಿರುಗಿ ದೊಡ್ಡವರಂತೆ ದನಿ ಇಳಿಸಿದಳು. "ನೀವು ಆಕಿಗೆ ಏನಾಗಬೇಕ್ರಿ? ಪಾಪ, ಆಕಿಗೆ ಅವ್ವ ಇಲ್ಲಲ್ರಿ. ಸಣ್ಣಾಕಿ ಇದ್ದಾಗನ ಸತ್ತಾಳಂತ."

ದಾನೇಶ್ವರಿಯ ಬೆರಳು ಹಿಡಿಯ ಮೇಲೆ ಜಾರಿತು. ಕುರ್ಚಿ ಜಗ್ಗನೆ ಒಂದು ಮಾರು ಮುಂದೆ ಸರಿಯಿತು. ಮಕ್ಕಳು ಹೋ ಎಂದು ನಗುತ್ತ ಹಿಂದೆ ಹಾರಿದರು. ಅವಳು ಕಂಬದ ಕಡೆ ನೋಡಿದಳು. ಮಗಳು ಇವಳನ್ನೇ ನೋಡುತ್ತಿದ್ದಳು. ತಲೆಯನ್ನು ಬಹಳ ಸಣ್ಣಗೆ, ಬೇರೆ ಯಾರಿಗೂ ತಿಳಿಯದಷ್ಟು, ಅತ್ತಿತ್ತ ಆಡಿಸುತ್ತಿದ್ದಳು. ಬೇಡ, ಬೇಡ ಎಂದು.

"ನಾನ..." ಎಂದಳು ದಾನೇಶ್ವರಿ. ತೊಡೆಯ ಮೇಲಿನ ಡಬ್ಬಿಯನ್ನು ಕೈಗೆತ್ತಿಕೊಂಡಳು. "ನಾ ಬೆಳಗಾವ್ಯಾಗ ಅವರಪ್ಪನ ಮನಿ ಬಾಜೂಕ ಇರ್ತೀನಿ. ಈ ಕಡೆ ಬರೂದಿತ್ತು. ಅವರಪ್ಪ ಕುಂದಾ ಕೊಟ್ಟು ಕಳಿಸ್ಯಾರ."

ರಿಬ್ಬನ್ನಿನ ಹುಡುಗಿ ಓಡಿಹೋಗಿ ಪದ್ಮಶ್ರೀಯ ಕೈ ಹಿಡಿದು ಎಳೆದು ತಂದಳು. ಪದ್ಮಶ್ರೀ ಎರಡೂ ಕೈ ಚಾಚಿ, ಬೆರಳಿಗೆ ಬೆರಳು ತಾಗದಂತೆ ಡಬ್ಬಿ ತೆಗೆದುಕೊಂಡಳು.

"ಅರಾಮ ಅದೀಯೇನವಾ?"

"ಹೂಂ ರೀ" ಎಂದಳು ಮಗಳು. ಹುಟ್ಟಿದಾಗಿನಿಂದ ತಾಯಿಯನ್ನು ನೀ ಎಂದೇ ಕರೆದವಳು. "ಥ್ಯಾಂಕ್ಸ್ ರೀ."

ಗಂಟೆ ಹೊಡೆಯಿತು. ಬಯಲು ಖಾಲಿಯಾಯಿತು.

ಕಾಂತಾಳ ಮನೆಗೆ ಎರಡು ಎತ್ತರದ ಮೆಟ್ಟಿಲು. ದಾನೇಶ್ವರಿ ಅಂಗಳದಿಂದಲೇ ಕರೆದಾಗ ಕಾಂತಾ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಅಯ್ಯ, ದಾನವ್ವ! ನೀ ಹೆಂಗ ಬಂದಿ?" ಎಂದವಳ ಕಣ್ಣು ಇವಳ ಹಿಂದಿನ ದಾರಿಗೆ, ಶಾಲೆಯ ಕಡೆಗೆ ಹೋಯಿತು. "ಸಾಲಿಗೆ ಹೋಗಿದ್ದೇನು?"

"ಹೋಗಿದ್ದೆ."

ಕಾಂತಾ ಮೆಟ್ಟಿಲ ಮೇಲೆ ಕುಳಿತಳು. ಬೆರಳಿನ ಹಿಟ್ಟು ಉಜ್ಜಿಕೊಂಡಳು.

"ಯಾರ್ ಹೇಳಿಕೊಟ್ರು ಅಕ್ಕಾರ ಆಕಿಗೆ?"

"ಬಸವಣ್ಣನ ಆಣಿ, ಯಾರೂ ಹೇಳಿಕೊಟ್ಟಿಲ್ಲವಾ. ಸಾಲ್ಯಾಗ ತಾಯಂದಿರನ್ನ ಕರಸಿದ್ರು. ಎಲ್ಲಾರ ಅವ್ವಗೋಳೂ ಬಂದ್ರು. ನಿಮ್ಮವ್ವ ಯಾಕ ಬಂದಿಲ್ಲ ಅಂತ ಹುಡುಗೂರು ಕೇಳ್ಯಾವ. ರಸ್ತಿ ಸರಿ ಇಲ್ಲ, ಅದಕ್ಕ ಬರೂದಿಲ್ಲ ಅಂದಾಳ. ಶಶಿ ಆಕಿಗೂ ಹಂಗ ಹೇಳಿದ್ದ. ಹುಡುಗೂರು ನಕ್ಕಾವ. ನಮ್ಮ ಅವ್ವಗೋಳು ದಿನಾ ಅದ ರಸ್ತ್ಯಾಗ ಬರ್ತಾರಲ್ಲ, ನಿಮ್ಮವ್ವಗ ನೀ ಬ್ಯಾಡಾಗಿರಬೇಕು ಅಂದಾವ." ಕಾಂತಾ ಸೆರಗಿನಿಂದ ಮೂಗು ಒರೆಸಿಕೊಂಡಳು. "ಮನಿಗೆ ಬಂದು ಹೇಳಿದ್ಲು, ಅತ್ತಿ, ನಾ ಅವ್ವ ಸತ್ತಾಳ ಅಂದುಬಿಟ್ಟೆ, ಈಗ ಯಾರೂ ನಗೂದಿಲ್ಲ ಅಂತ. ನಾ ಹೊಡದೆ. ಹೊಡದು ನಾನೂ ಅತ್ತೆ. ಟೀಚರ್‌ಗೆ ಖರೇ ಹೇಳೇನಿ. ಹುಡುಗೂರ ಮುಂದ ಆಕೀನ ಸುಳ್ಳಬುರಕಿ ಮಾಡಾಕ ಅವರಿಗೂ ಮನಸ್ಸಾಗ್ಲಿಲ್ಲ."

"ಅವರಿಗೆ ಗೊತ್ತೈತಿ?" ಗಂಡನ ಬಗ್ಗೆ ಕೇಳಿದ್ದು ಅದು.

"ಗೊತ್ತೈತಿ. ಆ ಬಾವಿ ಕಟ್ಟಿ ಮ್ಯಾಲ ಕುಂತು ಅತ್ತ. ದಾನೂಗ ತಿಳೀಬಾರ್ದಕ್ಕ, ಆಕಿ ಉಳಿಯೂದಿಲ್ಲ ಅಂದ."

ಅಂಗಳದಲ್ಲಿ ಕೋಳಿಯೊಂದು ಕುರ್ಚಿಯ ಗಾಲಿಗೆ ಅಂಟಿದ ಕೆಸರನ್ನು ಕುಕ್ಕುತ್ತಿತ್ತು. ದಾನೇಶ್ವರಿ ಅದನ್ನೇ ನೋಡಿದಳು. ಉಳಿಯೂದಿಲ್ಲ ಎಂದಿದ್ದನಂತೆ. ಉಸಿರು ಮಾತ್ರ ಮೊದಲಿನಂತೆಯೇ ಒಳಗೆ ಹೋಗಿ ಹೊರಗೆ ಬರುತ್ತಿತ್ತು. ಅದರ ಮೇಲೆ ಅವಳಿಗೆ ಸಿಟ್ಟು ಬಂತು.

"ಒಳಗ ಬಾರವಾ" ಎಂದ ಕಾಂತಾ ಮೆಟ್ಟಿಲು ನೋಡಿದಳು, ಬಾಗಿಲು ನೋಡಿದಳು. "ನಮ್ಮ ಮನಿಯವರು ಹೊಲದಿಂದ ಬರ್ಲಿ, ಎತ್ತಿಕೊಂಡು..."

"ಬ್ಯಾಡ್ರಿ. ಇಲ್ಲೇ ಅರಾಮ ಐತಿ."

ಕಾಂತಾ ಚಹಾ ತಂದಳು. ಅದು ಕೆನೆಗಟ್ಟುವ ತನಕ ದಾನೇಶ್ವರಿ ಬಟ್ಟಲು ಹಿಡಿದುಕೊಂಡೇ ಇದ್ದಳು.

ಶಾಲೆ ಬಿಟ್ಟು ಪದ್ಮಶ್ರೀ ಬಂದಳು. ಗೇಟಿನಲ್ಲಿ ನಿಂತು ಓಣಿಯ ಎರಡೂ ತುದಿ ನೋಡಿ, ಆಮೇಲೆ ಒಳಗೆ ಬಂದಳು. ಡಬ್ಬಿಯಲ್ಲಿ ಅರ್ಧ ಮಾತ್ರ ಉಳಿದಿತ್ತು. "ಎಲ್ಲಾರಿಗೂ ಕೊಟ್ಟೆ" ಎಂದು ಯಾರನ್ನೂ ನೋಡದೆ ಹೇಳಿದಳು. ನಿನ್ನನ್ನು ನನ್ನ ಜೊತೆ ಕರೆದುಕೊಂಡು ಹೋಗುತ್ತೇನೆ ಎಂಬ ಮಾತನ್ನು ದಾನೇಶ್ವರಿ ಬೆಳಗಾವಿಯಿಂದ ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದಳು. ನಮ್ಮ ಓಣಿಯಲ್ಲಿ ಒಳ್ಳೆಯ ಶಾಲೆ ಇದೆ, ನಾನೇ ಕುರ್ಚಿಯಲ್ಲಿ ದಿನಾ ಬಿಟ್ಟು ಬರುತ್ತೇನೆ ಎಂದು ಹೇಳಬೇಕೆಂದಿದ್ದಳು. ದಿನಾ ಎಲ್ಲ ಮಕ್ಕಳ ಕಣ್ಣೆದುರು ಬಿಟ್ಟು ಬರುವುದು ಎಂದರೆ ಏನೆಂದು ಈಗ ಅವಳಿಗೆ ಕಾಣುತ್ತಿತ್ತು. ಹೊರಡುತ್ತೇನೆ ಎಂದು ಬಟ್ಟಲನ್ನು ಕಾಂತಾಳ ಕೈಗೆ ಕೊಟ್ಟಳು.

"ಹಳ್ಳದ ತನಕ ಅವ್ವನ್ನ ಕಳಿಸಿ ಬಾ, ಹೋಗು" ಎಂದಳು ಕಾಂತಾ.

ಊರಿನ ಕೊನೆಯ ಮನೆ ದಾಟುವ ತನಕ ಪದ್ಮಶ್ರೀ ದಾರಿಯ ಆಚೆ ಬದಿಗೆ ನಡೆದಳು. ಬಿಸಿಲು ಏರಿತ್ತು. ಎರಡೂ ಕಡೆ ಭತ್ತದ ಗದ್ದೆಗಳಲ್ಲಿ ಯಾರೂ ಇರಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಅವಳು ಹತ್ತಿರ ಬಂದು ಗಾಲಿಯ ಹಲ್ಲುಗಳನ್ನು ಬೆರಳಿನಿಂದ ಮುಟ್ಟಿದಳು. ಆಮೇಲೆ ಮಾತಿಲ್ಲದೆ ಕುರ್ಚಿಯ ಹಿಂದಿನ ಪಟ್ಟಿಯ ಮೇಲೆ ಹತ್ತಿ ನಿಂತು, ತಾಯಿಯ ಎರಡೂ ಭುಜ ಹಿಡಿದಳು. ಕುರ್ಚಿ ಅವಳ ಭಾರಕ್ಕೆ ತುಸು ತಗ್ಗಿ, ಅದೇ ವೇಗದಲ್ಲಿ ಹೋಯಿತು. ದಾನೇಶ್ವರಿಯ ಕುತ್ತಿಗೆಗೆ ಮಗಳ ಬಿಸಿಯುಸಿರು ತಾಗುತ್ತಿತ್ತು. ಅದರಲ್ಲಿ ಕುಂದಾದ ವಾಸನೆಯಿತ್ತು.

"ಸಿಟ್ಟಾಗೀಯೇನ?"

"ಇಲ್ಲವಾ."

ಕುರ್ಚಿ ಒಂದು ತಗ್ಗು ಇಳಿದು ಹತ್ತಿತು.

"ಮತ್ತ ಬರ್ತಿಯೇನ?"

ಬಾ ಎಂದು ಕೇಳಿದ್ದೋ, ಬರುತ್ತಾಳೆಂದು ಹೆದರಿ ಕೇಳಿದ್ದೋ, ದಾನೇಶ್ವರಿಗೆ ತಿಳಿಯಲಿಲ್ಲ. ತಿರುಗಿ ಮಗಳ ಮುಖ ನೋಡಬೇಕೆಂದರೆ ತನ್ನ ಬೆನ್ನು ತಿರುಗುತ್ತಿರಲಿಲ್ಲ. ಅವಳು ಭುಜದ ಮೇಲಿದ್ದ ಸಣ್ಣ ಕೈಯ ಮೇಲೆ ತನ್ನ ಕೈ ಇಟ್ಟಳು.

ಎದುರಿನ ತಿರುವಿನಿಂದ ಸೈಕಲ್ ಗಂಟೆ ಕೇಳಿಸಿತು. ಆ ಕೈ ಸರಕ್ಕನೆ ಜಾರಿತು. ಪದ್ಮಶ್ರೀ ಕೆಳಗೆ ಹಾರಿ, ದಾರಿಯ ಅಂಚಿಗೆ ಹೋಗಿ, ಬಾಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳತೊಡಗಿದಳು. ಶಾಲೆಯ ಅಂಗಿಯ ಇಬ್ಬರು ಹುಡುಗರು ಒಂದೇ ಸೈಕಲ್ಲಿನ ಮೇಲೆ ಬರುತ್ತಿದ್ದರು.

ದಾನೇಶ್ವರಿ ಹಿಡಿಯನ್ನು ಬಲಕ್ಕೆ ಒತ್ತಿದಳು. ದಪ್ಪ ಗಾಲಿಗಳು ಕೆಸರನ್ನು ಹಿಸುಕುತ್ತ, ದಾರಿಯ ಅಂಚು ಇಳಿದು, ಗದ್ದೆಯ ಬದುವಿನ ತನಕ ಸಲೀಸಾಗಿ ಹೋಗಿ ನಿಂತವು. ಅವಳು ಮಗಳಿಗೆ ಬೆನ್ನು ಮಾಡಿ, ಇನ್ನೂ ತೆನೆ ಬಾಗದ ಹಸಿರು ಭತ್ತವನ್ನು ನೋಡುತ್ತ, ಸೈಕಲ್ ದಾಟಿಹೋಗುವ ತನಕ ಅಲ್ಲೇ ಇದ್ದಳು.